ಪಕ್ಕದಿಂದ ತೆಗೆಯದ ಒಂದು ಎಕ್ಸ್‌ರೇ

ಬೆಳಗಿನ ಆರು ಗಂಟೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ‘ಎಕ್ಸ್‌ರೇ ಅಕ್ಕ’ ಕಿರಣ ತಡೆಯುವ, ಆರು ಕೆಜಿ ತೂಕದ ಸೀಸದ ಅಂಗಿ ತೊಡುತ್ತಾರೆ. ಗೋಡೆಗೆ ಅಂಟಿಸಿದ ಹಳೆಯ ಫಿಲ್ಮೊಂದನ್ನು ದಿಟ್ಟಿಸಿ ನೋಡಿ, ಆಮೇಲೆ ಮಷೀನಿಗೆ ಕೈ ಹಾಕುತ್ತಾರೆ. "ಉಸಿರು ಹಿಡೀರಿ... ಈಗ ಬಿಡಿ. ಮನೆಯವ್ರ ಮೇಲಿನ ಸಿಟ್ಟೂ ಬಿಡಿ," ಎಂದು ನೋವಿನಲ್ಲಿದ್ದವರನ್ನೂ ನಗಿಸುತ್ತಾರೆ.

ಇಲ್ಲೇ ನೆಲ ಒರೆಸುತ್ತ ಓದಿ ಈ ಕೆಲಸ ಹಿಡಿದವರು. ಹತ್ತೊಂಬತ್ತು ವರ್ಷ, ದಿನಕ್ಕೆ ಎಂಬತ್ತು ಚಿತ್ರ. ಗುಣವಾದವರು ಡಾಕ್ಟರನ್ನು ಹೊಗಳಿ ಹೋಗುತ್ತಾರೆ, ಅಕ್ಕನ ಮುಖ ಯಾರಿಗೂ ನೆನಪಿರುವುದಿಲ್ಲ.

ಕಳೆದ ವರ್ಷ ಒಬ್ಬ ಪೇಂಟರ್ ಬಂದ. ಏಣಿಯಿಂದ ಬಿದ್ದು ಹೆಗಲ ಹಿಂದಿನ ಅಗಲ ಮೂಳೆ ಮುರಿದುಕೊಂಡು ಎಂಟು ತಿಂಗಳಾಗಿತ್ತು. ಆ ಮೂಳೆ ಕೂಡದೆ ಉಳಿಯುವುದು ಬಲು ಅಪರೂಪ. ಹಾಗಾಗಿ ವಾಸಿಯಾಗಿದೆ ಎಂದೇ ಎಲ್ಲರೂ ನಂಬಿದ್ದರು. ಕೈ ಮಾತ್ರ ಎದೆಯಿಂದ ಮೇಲೆ ಏಳುತ್ತಿರಲಿಲ್ಲ. "ಅರ್ಧ ಗೋಡೆ ಪೇಂಟರ್‌ಗೆ ಯಾರಕ್ಕಾ ಕೆಲ್ಸ ಕೊಡ್ತಾರೆ?" ಎಂದ.

ಎದುರಿನಿಂದ ತೆಗೆದರೆ ಪಕ್ಕೆಲುಬುಗಳು ಆ ಮೂಳೆಗೆ ಅಡ್ಡ ಬರುತ್ತವೆ. ಅಕ್ಕ ಅವನನ್ನು ಓರೆಯಾಗಿ ನಿಲ್ಲಿಸಿ ಪಕ್ಕದಿಂದ ಇನ್ನೊಂದು ತೆಗೆದರು. ಮೂಳೆಯ ಎರಡು ತುಂಡುಗಳ ನಡುವೆ ಪೆನ್ಸಿಲ್ ದಪ್ಪದ ಕಪ್ಪು ಸಂದು! ಗಾಬರಿಯಿಂದ ಅವನ ಚೀಲದಲ್ಲಿದ್ದ ಹಳೆಯ ಫಿಲ್ಮ್ ಎಳೆದು ನೋಡಿದರು. ಒಂದೇ ಚಿತ್ರ, ಅದೂ ಎದುರಿನಿಂದ ತೆಗೆದದ್ದು. ಮೂಲೆಯಲ್ಲಿ ತೆಗೆದವರ ಗುರುತಿನ ಅಕ್ಷರ. ಅದು ಅಕ್ಕನದೇ.

"ಆವತ್ತು ಸಾಲು ಉದ್ದ ಇತ್ತು, ‘ಒಂದು ಸಾಕು, ಹೋಗಪ್ಪ’ ಅಂದುಬಿಟ್ಟಿದ್ದೆ. ನನ್ನ ಎರಡು ನಿಮಿಷದ ಅವಸರಕ್ಕೆ ಅವನು ಎಂಟು ತಿಂಗಳು ನರಳಿದ," ಎನ್ನುತ್ತಾರೆ ಅಕ್ಕ.

ಫಿಲ್ಮ್ ಮುಚ್ಚಿಡಬಹುದಿತ್ತು. ಕೆಲಸ ಹೋದರೆ ಹೋಗಲಿ ಎಂದು ಎರಡನ್ನೂ ಸರ್ಜನ್ ಮುಂದಿಟ್ಟರು. ತಪ್ಪು ತನ್ನದೇ, ಇನ್ನು ಆಪರೇಷನ್ ಆಗಬೇಕು ಎಂದು ಪೇಂಟರ್‌ಗೂ ಹೇಳಿದರು. ಅವನು ಎರಡೂ ಫಿಲ್ಮ್ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ಆಪರೇಷನ್‌ನಲ್ಲಿ ನೀವೂ ಇರ್ತೀರಾ?" ಎಂದು ಕೇಳಿದನಂತೆ.

ಇದ್ದರು. ಸರ್ಜನ್ ಅವನದೇ ಸೊಂಟದ ಮೂಳೆಯ ಚೂರುಗಳನ್ನು ಆ ಸಂದಿಗೆ ತುಂಬಿ, ಲೋಹದ ಪಟ್ಟಿಯಿಟ್ಟು ಸ್ಕ್ರೂ ಬಿಗಿದರು. ಮೂರು ಗಂಟೆ ಪಕ್ಕದಲ್ಲೇ ನಿಂತ ಅಕ್ಕ, ಒಂದೊಂದು ಸ್ಕ್ರೂವನ್ನೂ ಎರಡೆರಡು ಕಡೆಯಿಂದ ಎಕ್ಸ್‌ರೇಯಲ್ಲಿ ತೋರಿಸಿದರು.

ಇವತ್ತು ಅವನು ತಪಾಸಣೆಗೆ ಬಂದಿದ್ದಾನೆ. ಮೂಳೆ ಕೂಡಿದೆ. ಸ್ಟೂಲ್ ಹತ್ತಿ, ಕೈ ಚಾಚಿ ಸೂರು ಮುಟ್ಟಿಯೇಬಿಡುತ್ತಾನೆ. "ಅಕ್ಕಾ, ಈ ರೂಮಿಗೆ ನಾನೇ ಬಣ್ಣ ಹೊಡೀತೀನಿ. ಗೋಡೆ ಮೇಲಿರೋ ನನ್ನ ಆ ಹಾಳು ಫಿಲ್ಮ್ ಕಿತ್ತುಹಾಕ್ಲಾ?"

ಅಕ್ಕ ತಲೆಯಾಡಿಸುತ್ತಾರೆ. "ಬೇಡಪ್ಪ. ಅದನ್ನ ಬಿಟ್ಟು ಸುತ್ತ ಹೊಡಿ."