ಸ್ಪೀಕರಿನೊಳಗಿನ ಅಜ್ಜಿ

ಊರಿನ ಶಾಲೆಗಳಲ್ಲಿ ಅವಳನ್ನು ಎಲ್ಲರೂ ಏಣಿ ಅಕ್ಕ ಎಂದೇ ಕರೆಯುತ್ತಿದ್ದರು. ಸ್ಕೂಟರಿನ ಪಕ್ಕಕ್ಕೆ ಮಡಿಸುವ ಏಣಿಯೊಂದನ್ನು ಕಟ್ಟಿಕೊಂಡು ಅವಳು ಗೇಟಿನೊಳಗೆ ಬಂದರೆ, ಕಿಟಕಿ ಪಕ್ಕದ ಮಕ್ಕಳಿಗೆ ಪಾಠ ಮರೆತೇ ಹೋಗುತ್ತಿತ್ತು. ಹೊಗೆ ಕಂಡರೆ ಕೂಗಿಕೊಳ್ಳುವ ಬಿಳಿ ಬಿಲ್ಲೆಗಳ ಧೂಳು ಊದುವುದು, ಕ್ಯಾಮೆರಾಗಳ ಮುಖಕ್ಕೆ ಜೇಡ ಕಟ್ಟಿದ ಬಲೆ ಬಿಡಿಸುವುದು, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಳ್ಳು ಹಸಿರಿನಲ್ಲೇ ಇದೆಯೇ ನೋಡುವುದು, ತರಗತಿಗಳ ಸ್ಪೀಕರುಗಳಿಗೆ ಕಿವಿಗೊಡುವುದು ಅವಳ ಕೆಲಸ. ತುರ್ತು ಬಾಗಿಲ ಚಿಲಕಕ್ಕೆ ಯಾರೋ ಅಂಟಿಸಿದ ಚೂಯಿಂಗ್ ಗಮ್ ಕೆರೆಯುವುದನ್ನು ಮಾತ್ರ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮದುವೆಗೆ ಮುಂಚೆ ರೇಡಿಯೋ ರಿಪೇರಿ ಅಂಗಡಿಯಲ್ಲಿದ್ದವಳು. ಮದುವೆಯಾದ ಮೇಲೆ ಶಾಲೆಗಳ ಸುರಕ್ಷತಾ ಯಂತ್ರಗಳನ್ನು ನೋಡಿಕೊಳ್ಳುವ ಈ ಕಂಪನಿ ಸೇರಿದಾಗ ಗಂಡ ಹೂಂ ಎಂದ. ಅತ್ತೆ ಮಾತ್ರ ಮುಖ ಸಪ್ಪಗೆ ಮಾಡಿಕೊಂಡರು.

"ಗೋಡೆ ಹತ್ತೋ ಕೆಲಸಾನೇ ಬೇಕಿತ್ತಾ ನಿನಗೆ? ಕೂತು ಮಾಡೋ ಕೆಲಸ ಎಲ್ಲೂ ಸಿಗಲಿಲ್ವಾ?"

"ಮೇಲೆ ಹತ್ತಿದ ಮೇಲೆ ಕೂತೇ ಮಾಡೋದು ಅತ್ತೆ," ಎಂದು ಸೊಸೆ ನಗುತ್ತಿದ್ದಳು.

ಅತ್ತೆ ಗದರುವವರಲ್ಲ. ಅವರದು ತಗ್ಗಿದ, ಅವಸರವಿಲ್ಲದ ದನಿ. ಆ ದನಿಯಲ್ಲಿ "ಊಟಕ್ಕೆ ಬನ್ನಿ" ಎಂದರೆ ಮೊಬೈಲಿನಲ್ಲಿ ಮುಳುಗಿದ ಮಗನೂ ಎದ್ದು ಬರುತ್ತಿದ್ದ.

ಒಂದು ಶಾಲೆಗೆ ಕಂಪನಿಯವರು ಹೊಸ ಯಂತ್ರ ಕೂರಿಸಿದರು. ಬೆಂಕಿಯ ಸೂಚನೆ ಸಿಕ್ಕ ಕೂಡಲೇ ಸ್ಪೀಕರುಗಳಲ್ಲಿ ಒಬ್ಬ ಗಂಡಸು "ಅಪಾಯ! ಅಪಾಯ! ಕೂಡಲೇ ಹೊರಗೆ ಹೋಗಿ!" ಎಂದು ಅಬ್ಬರಿಸುತ್ತಿದ್ದ. ಬೆಂಕಿ ಬಿದ್ದರೆ ಹೊರಗೆ ಬರುವ ಮೊದಲ ಅಭ್ಯಾಸದ ದಿನ ದೊಡ್ಡ ಮಕ್ಕಳೆಲ್ಲ ಹೊರಗೆ ಬಂದರು. ಒಂದನೇ ತರಗತಿಯಲ್ಲಿ ಮಾತ್ರ ರಂಪವೋ ರಂಪ. ಅರ್ಧ ಮಕ್ಕಳು ಅಳುತ್ತಿದ್ದರು, ಉಳಿದವರು ಬೆಂಚಿನ ಕೆಳಗೆ ಹೊಕ್ಕಿದ್ದರು. ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಮೇಜಿನ ಕಾಲನ್ನು ಅಪ್ಪಿ ಹಿಡಿದಿದ್ದಳು. ಏಣಿ ಅಕ್ಕ ನೆಲಕ್ಕೆ ಕೂತು ಅವಳ ಬೆರಳು ಬಿಡಿಸಬೇಕಾಯಿತು.

"ಆ ಮಾಮ ಬೈತಾನೆ," ಎಂದಳು ಹುಡುಗಿ ಬಿಕ್ಕುತ್ತ.

ಯಂತ್ರದಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಏಣಿ ಅಕ್ಕನಿಗೆ ಸಮಾಧಾನವಾಗಲಿಲ್ಲ. ಹೊರಗೆ ಕರೆಯಬೇಕಾದ ದನಿಯೇ ಮಕ್ಕಳನ್ನು ಒಳಗೆ ಬಚ್ಚಿಡುತ್ತಿದ್ದರೆ ಏನು ಬಂತು? ಅವಳು ಹೆಡ್‌ಮೇಡಂ ಹತ್ತಿರ ಹೋಗಿ ವಿಷಯ ಹೇಳಿದಳು.

"ಹಾಗಾದ್ರೆ ನಮ್ಮವರೇ ಯಾರಾದ್ರೂ ಹೇಳಲಿ ಬಿಡಿ," ಎಂದು ಮೇಡಂ ಒಪ್ಪಿದರು.

ಹೇಳಿಸಿದ್ದೂ ಆಯಿತು. ಗಣಿತದ ಮೇಷ್ಟ್ರು ಹೇಳಿದರೆ ಪರೀಕ್ಷೆಯಲ್ಲಿ ಕಾಪಿ ಹೊಡೆದವರನ್ನು ಹಿಡಿದ ಹಾಗಿತ್ತು. ಆಟದ ಮೇಷ್ಟ್ರ ಬಾಯಿಗೆ ಸ್ಪೀಕರೇ ಬೇಕಿರಲಿಲ್ಲ. ಹೆಡ್‌ಮೇಡಂ ತಾವೇ ಪ್ರಯತ್ನಿಸಿ, ಕೇಳಿಸಿಕೊಂಡು, "ಬೇಡಪ್ಪಾ, ನನಗೇ ಭಯ ಆಗ್ತಿದೆ," ಎಂದು ನಕ್ಕುಬಿಟ್ಟರು.

ಅದೇ ಸಂಜೆ ಮನೆಯಲ್ಲಿ ಕುಕ್ಕರಿನ ವಾಲ್ವ್ ಹಾರಿ ಗೋಡೆಗೆ ಬಡಿಯಿತು. ಏಣಿ ಅಕ್ಕನ ಪುಟ್ಟ ಮಗಳು ಚೀರಿಕೊಂಡಳು. ಅತ್ತೆ ಕೂತಲ್ಲಿಂದಲೇ, "ಏನೂ ಆಗಿಲ್ಲ ಪುಟ್ಟಿ. ಚಪ್ಪಲಿ ಹಾಕ್ಕೊ, ನನ್ನ ಹತ್ರ ಬಾ," ಎಂದರು. ಚೀರಾಟ ಅಲ್ಲಿಗೇ ನಿಂತಿತು. ಸ್ಟೋವ್ ಆರಿಸುತ್ತಿದ್ದ ಸೊಸೆ ಸೌಟು ಹಿಡಿದುಕೊಂಡೇ ತಿರುಗಿ ನೋಡಿದಳು.

"ಅತ್ತೆ, ಸ್ಕೂಲಿಗೆ ನಿಮ್ಮ ದನಿ ಬೇಕು."

"ನನ್ನನ್ನೂ ಗೋಡೆ ಹತ್ತಿಸ್ತೀಯೇನೇ?"

ಎರಡು ದಿನ ಗೋಗರೆದ ಮೇಲೆ ಅತ್ತೆ ಒಪ್ಪಿದರು. ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕಂಬಳಿ ಇಳಿಬಿಟ್ಟು ಸೊಸೆ ಎಲ್ಲ ಸಿದ್ಧಮಾಡಿದರೆ, ಅತ್ತೆ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಿದ್ದರು.

"ಮುಖ ಕಾಣಲ್ಲ ಅತ್ತೆ."

"ಕಾಣದಿದ್ರೇನು, ತಲೆ ಕೆದರಿದ್ರೆ ಮಾತಲ್ಲಿ ಗೊತ್ತಾಗುತ್ತೆ."

ಆಮೇಲೆ ಮೈಕಿನ ಮುಂದೆ ಕೂತು, ಯಾರನ್ನೋ ಎದುರಿಗೆ ಇಟ್ಟುಕೊಂಡವರಂತೆ ಹೇಳಿದರು: "ಮಕ್ಕಳೇ, ಎದ್ದು ನಿಲ್ಲಿ. ಬ್ಯಾಗ್ ಅಲ್ಲೇ ಇರಲಿ. ಟೀಚರ್ ಹಿಂದೆ ಸಾಲಾಗಿ ಆಚೆ ಬನ್ನಿ. ಓಡಬೇಡಿ. ನಾನಿದ್ದೀನಿ."

ಕೊನೆಯ ಮಾತು ಸೊಸೆ ಹೇಳಿಕೊಟ್ಟದ್ದಲ್ಲ. ಕಂಪನಿಯ ಮೇಲ್ವಿಚಾರಕರಿಗೆ ಅದೇ ತಲೆನೋವಾಯಿತು. "ನಾನು ಅಂದ್ರೆ ಯಾರಮ್ಮ? ಇಂಥದ್ದಕ್ಕೆಲ್ಲ ಒಂದು ಪದ್ಧತಿ ಇರುತ್ತೆ," ಎಂದರು. ಅವರ ಮಾತೂ ತಪ್ಪಲ್ಲ. ಆದರೆ ಮುಂದಿನ ಅಭ್ಯಾಸದಲ್ಲಿ ಒಂದನೇ ತರಗತಿ ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಿನ ಹಾಗೆ ಹೊರಗೆ ಬಂದದ್ದನ್ನು ಕಣ್ಣಾರೆ ಕಂಡು, "ಇರಲಿ, ಇರಲಿ," ಎಂದು ಸಹಿ ಹಾಕಿದರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಏಣಿ ಅಕ್ಕ ಅದೇ ಶಾಲೆಯ ಗೇಟಿನ ಕ್ಯಾಮೆರಾ ಬದಲಾಯಿಸುತ್ತಿದ್ದಳು. ಆಗ ನಿಜವಾಗಿಯೂ ಬೆಂಕಿಯ ಗಂಟೆ ಹೊಡೆಯಿತು. ಅಂದು ಅಭ್ಯಾಸ ಇರಲಿಲ್ಲ. ಅವಳು ಇಳಿದು ಓಡಿ, ಸೂಚನೆ ಯಾವ ಕೋಣೆಯದೆಂದು ತೋರಿಸುವ ಫಲಕ ನೋಡಿದಳು: ಕಂಪ್ಯೂಟರ್ ಕೋಣೆ. ಯುಪಿಎಸ್‌ನ ಬ್ಯಾಟರಿ ಕಾದು ಹೊಗೆ ಕಾರುತ್ತಿತ್ತು. ಅವಳು ಆ ಕೋಣೆಯ ಮೇನ್ ಸ್ವಿಚ್ ಆರಿಸಿದಳು, ಕಾವಲುಗಾರ ಸಿಲಿಂಡರ್ ಒತ್ತಿದ. ಗೋಡೆಗೆ ಮಸಿ ಹಿಡಿದದ್ದು ಬಿಟ್ಟರೆ ಬೇರೆ ಏನೂ ಆಗಲಿಲ್ಲ. ಅಷ್ಟು ಹೊತ್ತೂ ತಲೆಯ ಮೇಲೆ ಅತ್ತೆಯ ದನಿ ಹೇಳುತ್ತಲೇ ಇತ್ತು: ಓಡಬೇಡಿ. ನಾನಿದ್ದೀನಿ.

ಮೈದಾನಕ್ಕೆ ಬಂದು ನೋಡಿದರೆ ಇಡೀ ಶಾಲೆ ಸಾಲಾಗಿ ನಿಂತಿತ್ತು. ಎರಡು ಜಡೆಯ ಹುಡುಗಿ ಒಬ್ಬಳೇ ಟೀಚರ್ ಕೈ ಜಗ್ಗುತ್ತ ಅಳುತ್ತಿದ್ದಳು.

"ಎಲ್ಲರೂ ಬಂದಾಯ್ತಲ್ಲಮ್ಮ, ಇನ್ಯಾಕೆ ಅಳು?" ಎಂದಳು ಏಣಿ ಅಕ್ಕ.

"ಅಜ್ಜಿ ಬಂದಿಲ್ಲ! ಅಜ್ಜಿ ಇನ್ನೂ ಒಳಗೇ ಇದ್ದಾರೆ!"

ಆ ಮಾತು ಸಾಲಿನುದ್ದಕ್ಕೂ ಹರಡಿತು. ಪುಟಾಣಿಗಳೆಲ್ಲ ಅಜ್ಜಿ, ಅಜ್ಜಿ ಎಂದು ಅಳತೊಡಗಿದರು. ಅದು ಬರೀ ದನಿ ಎಂದು ಎಷ್ಟು ಹೇಳಿದರೂ ನಂಬುವವರಿಲ್ಲ. ಬೇರೆ ದಾರಿ ಕಾಣದೆ ಏಣಿ ಅಕ್ಕ ಮನೆಗೆ ಹೋಗಿ, ಮನೆ ಸೀರೆಯಲ್ಲೇ ಇದ್ದ ಅತ್ತೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಳು. ಈ ಸಲ ತಲೆ ಬಾಚಲೂ ಬಿಡಲಿಲ್ಲ.

ಅತ್ತೆ ಇಳಿದು, ಕನ್ನಡಕ ಸರಿಮಾಡಿಕೊಂಡು, "ಯಾಕ್ರೋ ಅಳ್ತೀರಿ? ನಾನು ಆಗಲೇ ಆಚೆ ಬಂದೆ," ಎಂದರು.

ದನಿ ಕೇಳಿದ್ದೇ ತಡ ಅಳು ನಿಂತಿತು. ಮರುಗಳಿಗೆ ಹೋ ಎಂದು ಎಲ್ಲರೂ ಅವರತ್ತ ನುಗ್ಗಿದರು. "ಓಡಬೇಡಿ!" ಎಂದರೂ ಅಂದು ಯಾರೂ ಕೇಳಲಿಲ್ಲ. ಎರಡು ಜಡೆಯವಳು ಅವರ ಸೆರಗು ಹಿಡಿದು, "ಆ ಡಬ್ಬಿಲಿ ಹೇಗೆ ಕೂರ್ತೀರಿ?" ಎಂದು ಕೇಳಿದಳು.

"ಕಾಲು ಮಡಚಿಕೊಂಡು," ಎಂದರು ಅತ್ತೆ.

ಈಗ ಊರಿನ ಎಷ್ಟೋ ಶಾಲೆಗಳಲ್ಲಿ ಅದೇ ದನಿ ಇದೆ. ಒಂದು ಶಾಲೆಯವರು ಊಟದ ಗಂಟೆಗೂ ಅಜ್ಜಿಯೇ ಕರೆಯಲಿ ಎಂದು ಕೇಳಿದ್ದರು. "ಊಟಕ್ಕೆ ಹೊಟ್ಟೆನೇ ಕರೆಯುತ್ತೆ, ನಾನ್ಯಾಕೆ?" ಎಂದು ಅವರು ಒಪ್ಪಲಿಲ್ಲ. ಗೋಡೆ ಹತ್ತುವ ಕೆಲಸದ ಬಗ್ಗೆ ಅವರ ತಕರಾರು ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಸಂಜೆ ಸೊಸೆ ಕೈಕಾಲು ತೊಳೆದು ಬಂದು ಪಕ್ಕದಲ್ಲಿ ಕೂತರೆ, ಚಹದ ಲೋಟ ಮುಂದಿಟ್ಟು, ಇವತ್ತು ಯಾವ ಸ್ಕೂಲು, ಮಕ್ಕಳು ಹೇಗಿದ್ದಾರೆ ಎಂದು ಒಂದೊಂದೇ ಕೇಳುತ್ತಾರೆ. ಸೊಸೆ ಹೇಳುತ್ತಾಳೆ. ಹೇಳಲು ದಿನಾ ಏನಾದರೂ ಇದ್ದೇ ಇರುತ್ತದೆ.