ಇಳಿಜಾರಿಗೆ ಹೊರಟ ಸೊಸೆ

ಬೆಟ್ಟದ ಮೇಲಿಂದ ಸೈಕಲ್ಲಿನಲ್ಲಿ ಇಳಿಯುವ ಪಾರ್ಕಿಗೆ ಹೋಗುವ ವಾರ ಬಂತೆಂದರೆ ಈ ಸೊಸೆಯ ಕಾಲು ನೆಲದ ಮೇಲಿರುವುದಿಲ್ಲ. ಮೊಣಕಾಲಿನ ಪ್ಯಾಡು ಒಗ್ಗಲಿ ಎಂದು ಅದನ್ನು ಕಟ್ಟಿಕೊಂಡೇ ಕಸ ಗುಡಿಸುತ್ತಾಳೆ, ಮುಖ ಮುಚ್ಚುವ ಹೆಲ್ಮೆಟ್ಟಿನೊಳಗಿಂದಲೇ "ಅತ್ತೆ, ಹಾಲು ಉಕ್ತಿದೆ" ಎಂದು ಕೂಗುತ್ತಾಳೆ. ಚೀಲದಲ್ಲಿ ಬಟ್ಟೆಗಿಂತ ಟ್ಯೂಬುಗಳೇ ಹೆಚ್ಚು. ಗಂಡ ಮಲಗುವ ಜಾಗದಲ್ಲಿ ಸೈಕಲ್ ಚಕ್ರ ಒರಗಿರುತ್ತದೆ, ಅವನು ಪಾಪ ನಡುಮನೆಯ ಸೋಫಾಕ್ಕೆ. "ಮೇಲಕ್ಕೆ ತಂತಿಗೆ ತೂಗುಹಾಕಿದ ಕುರ್ಚಿಯಲ್ಲಿ ಕೂತು ಹೋಗೋದು, ಕೆಳಕ್ಕೆ ದಬದಬ ಅಂತ ಇಳಿಯೋದು, ಇದಕ್ಕೆ ಇಷ್ಟೊಂದು ಸಡಗರ ಬೇರೆ ಕೇಡು" ಎಂದು ಅತ್ತೆ ಗೊಣಗಿದರೆ, "ನಿಮ್ಮ ಮಗ ಸೋಫಾದಿಂದ ಇಳಿಯೋಕೇ ಅರ್ಧ ದಿನ ತಗೋತಾರೆ, ಅವರಿಗೆ ಹೇಳಿ" ಎಂದು ನಗುತ್ತಾಳೆ. ಚೀಲ ಕಟ್ಟಿಟ್ಟ ಮೇಲೆ ಮಂಚದ ತುದಿಗೆ ಕೂತು, ಕಣ್ಣು ಮುಚ್ಚಿ, ಇಲ್ಲದ ಹ್ಯಾಂಡಲ್ ಹಿಡಿದು ಇಡೀ ಬೆಟ್ಟ ಇಳಿಯುತ್ತಾಳೆ. ಎಡಕ್ಕೆ ವಾಲುತ್ತಾಳೆ, ಬಲಕ್ಕೆ ವಾಲುತ್ತಾಳೆ, ಮರಗಳು ತೇಲಿಕೊಂಡು ಹಿಂದಕ್ಕೆ ಹೋಗುವುದು ಅವಳ ಮುಖದಲ್ಲೇ ಅತ್ತೆಗೆ ಕಾಣುತ್ತದೆ. ಆದರೆ ಹೋದ ಸಲ ಬಿದ್ದು ಹೆಗಲಿನ ಮೂಳೆ ಮುರಿದುಕೊಂಡ ಬಂಡೆಯ ತಿರುವು ಬಂತೆಂದರೆ ಬೆರಳುಗಳು ಬ್ರೇಕ್ ಹಿಡಿದಂತೆ ಬಿಗಿದುಕೊಳ್ಳುತ್ತವೆ, ಕಣ್ಣು ತೆರೆದುಬಿಡುತ್ತದೆ. "ಈ ಸಲ ಬೇಡ ಅನ್ಸುತ್ತೆ ಅತ್ತೆ" ಎಂದು ಚೀಲ ಬಿಚ್ಚಲು ಕೈ ಹಾಕುತ್ತಾಳೆ. ಹೋಗದಿದ್ದರೆ ಅತ್ತೆಗೂ ನೆಮ್ಮದಿಯೇ. ಆಸ್ಪತ್ರೆಯಲ್ಲಿ ಮಗ್ಗುಲಿಗೆ ಕೂತು ಅವಳಿಗೆ ತುತ್ತು ತಿನ್ನಿಸಿದ ಕೈ ಅತ್ತೆಯದೇ. ಆದರೂ ಸೊಸೆಯ ಮುಖ ಬಾಡಿದ್ದನ್ನು ನೋಡಲಾಗದೆ ಅತ್ತೆ ಪಕ್ಕಕ್ಕೆ ಬಂದು ಕೂರುತ್ತಾಳೆ. "ಕಣ್ಣು ಮುಚ್ಚು ಮಗಾ. ಇನ್ನೊಂದ್ಸಲ ಮೇಲಿಂದ ಬಾ, ನಾನೂ ಬರ್ತೀನಿ." ಬಂಡೆಯ ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ವಾಲುತ್ತಾರೆ.