ಪಿಸುಮಾತಿನ ಪರೀಕ್ಷೆ

ನಮ್ಮ ಚಿಕ್ಕಪ್ಪ ಕಾರುಗಳಿಗೆ ಸೈಲೆನ್ಸರ್ ಮಾಡುತ್ತಿದ್ದರು. ಹೊಗೆ ಎಲ್ಲೂ ತಡೆಯದೆ ಹರಿಯಲೆಂದು ಪೈಪಿನ ಒಂದೊಂದು ತಿರುವನ್ನೂ ನುಣ್ಣಗೆ ಬಗ್ಗಿಸುತ್ತಿದ್ದರು. ಕೊನೆಗೆ ಓಡುವ ಎಂಜಿನ್ನಿನ ಪಕ್ಕ ನಿಂತು ಪಿಸುಗುಟ್ಟುವರು. ಅದು ಗಿರಾಕಿಗೆ ಕೇಳಿಸಿದರೆ ಮಾತ್ರ ಕಾರು ಹೊರಗೆ. ಇಂಥವರಿಗೆ ಎಂಥ ಅಳಿಯ ಗಂಟುಬಿದ್ದ ನೋಡಿ! ಹಾಗೆ ಮಾಡಿಕೊಟ್ಟ ಕಾರನ್ನೇ ವಾಪಸು ತಂದ.

"ಮಾವ, ಸದ್ದೇ ಇಲ್ಲ, ತೀರಾ ಸಪ್ಪೆ. ಸೈಲೆನ್ಸರ್ ಒಳಗಿರೋದೆಲ್ಲ ಕಿತ್ತುಹಾಕಿ. ಬೀದಿಯೆಲ್ಲ ತಿರುಗಿ ನೋಡ್ಬೇಕು."

"ಥೂ! ಬೀದಿ ನೋಡ್ಬೇಕು ಅಂದ್ರೆ ಬಟ್ಟೆ ಬಿಚ್ಚಿ ಓಡಿ, ಅಳಿಯಂದ್ರೇ. ಪೆಟ್ರೋಲಾದ್ರೂ ಉಳಿಯುತ್ತೆ."

ಅಳಿಯ ಬೇರೆ ಕಡೆ ಕೀಳಿಸಿಕೊಂಡು ಬಂದು ಮಾವನ ಮನೆ ಮುಂದೆಯೇ ಗುಡುಗಿಸಿದ. ತೊಟ್ಟಿಲಲ್ಲಿದ್ದ ಮಗು ಬೆಚ್ಚಿಬಿದ್ದು ಕಿರುಚಿತು. ಮಗಳು ಎತ್ತಿಕೊಳ್ಳಲು ಓಡಿದಳು.

"ಅಳಲಿ ಬಿಡಮ್ಮ," ಎಂದರು ಚಿಕ್ಕಪ್ಪ. "ಅಪ್ಪನಿಗಿಲ್ಲದ ಕಿವಿ ಮಗುವಿಗಾದ್ರೂ ಇದೆಯಲ್ಲ."